ನಾದಿನಿ ಮನೆ ಕಾಫಿಪುಡಿ ಪುಕ್ಕಟೆ ಅಲ್ಲ

ನಮ್ಮ ಮನೆಗೆ ಕಾಫಿಪುಡಿ ಅಂಗಡಿಯಿಂದ ಬಂದಿದ್ದು ಬಹಳ ಕಮ್ಮಿ. ನಮ್ಮನೆಯವರ ತಂಗಿಯನ್ನ ಸಕಲೇಶಪುರ ತಾಲ್ಲೂಕು ಹಾನುಬಾಳಿನ ಹತ್ತಿರ ತೋಟದವರ ಮನೆಗೆ ಕೊಟ್ಟಿದ್ದೀವಿ. ಮೂವತ್ತು ವರ್ಷ ಆಯ್ತು. ಅವಳು ಹಾಸನಕ್ಕೆ ಬಂದಾಗೆಲ್ಲ ಕೈಚೀಲದಲ್ಲಿ ಎರಡು ಕೆಜಿ ಪುಡಿ ಇದ್ದೇ ಇರುತ್ತೆ. ಅವಳಿಗೆ ಬರಕ್ಕೆ ಆಗದಿದ್ರೆ ಯಾರಾದ್ರೂ ಈ ಕಡೆ ಬರೋರ ಕೈಲಿ ಕಳಿಸ್ತಾಳೆ. ಡಬ್ಬ ಖಾಲಿಯಾಗ್ತಾ ಬಂತು ಅಂದ್ರೆ ನಾನೇ ಫೋನ್ ಮಾಡಿ "ಪುಡಿ ಮುಗೀತಾ ಬಂತು ಕಣೇ" ಅನ್ನೋದೂ ರೂಢಿ. ಹಾಲು, ಸಕ್ಕರೆ, ಬೇಳೆ ಎಲ್ಲದರ ಲೆಕ್ಕ ಬರೆದಿಡೋ ನನ್ನ ಪುಸ್ತಕದಲ್ಲಿ ಕಾಫಿಪುಡಿ ಅನ್ನೋ ಸಾಲೇ ಇರಲಿಲ್ಲ.

ಇಷ್ಟು ವರ್ಷದಲ್ಲಿ ಅವರ ಮನೆಗೆ ನಾನು ಹೋಗಿಲ್ಲ ಅಂತಲ್ಲ. ನಾಮಕರಣಕ್ಕೆ ಹೋಗಿದ್ದೀನಿ, ಮದುವೆಗೆ ಹೋಗಿದ್ದೀನಿ, ಬೇಸಿಗೆ ರಜೆಯಲ್ಲಿ ಮಕ್ಕಳನ್ನ ಕಟ್ಕೊಂಡು ವಾರಗಟ್ಟಲೆ ಇದ್ದು ಬಂದಿದ್ದೀನಿ. ತಣ್ಣಗಿನ ಗಾಳಿ, ಹಂಡೆ ತುಂಬ ಬಿಸಿನೀರು, ಕಡುಬು, ಅಕ್ಕಿರೊಟ್ಟಿ. ವಾಪಸ್ ಬರೋವಾಗ ಪ್ರತಿ ಸಲ ಒಂದೇ ಮಾತು ಹೇಳ್ತಿದ್ದೆ, "ನಿಮಗೇನಮ್ಮ, ತೋಟದೋರು, ಸ್ವರ್ಗದಲ್ಲಿದ್ದೀರ." ಅವಳು ನಗ್ತಿದ್ದಳು. ಕಾಫಿ ಹೆಂಗೆ ಬೆಳೀತಾರೆ ಅಂತ ಒಂದು ದಿನ ಕೂಡ ಕೇಳಿರಲಿಲ್ಲ. ಈಗ ಹೇಳ್ಕೊಳ್ಳಕ್ಕೂ ನಾಚಿಕೆ ಆಗುತ್ತೆ.

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿ ಮಗಳು ಮತ್ತೆ ಅವಳ ಗಂಡ ಬೆಂಗಳೂರಿಂದ ಬಂದರು. ಕಾಫಿ ತೋಟ ನೋಡಬೇಕು ಅಂದರು. ಅದಕ್ಕೇನು ಅಂತ ನಾದಿನಿಗೆ ಒಂದು ಫೋನ್ ಮಾಡಿ ಹೊರಟೇಬಿಟ್ವಿ. ಹಾಸನದಿಂದ ಸಕಲೇಶಪುರಕ್ಕೆ 40 ಕಿಲೋಮೀಟರ್, ಅಲ್ಲಿಂದ ಮುಂದೆ ಹಾನುಬಾಳಿನ ರಸ್ತೆ. ಎರಡೂ ಕಡೆ ತೋಟ. ಗಾಡಿ ನಿಂತ ಕೂಡಲೇ ನಮ್ಮ ಅಳಿಯಂದಿರು ಮೊಬೈಲ್ ಹಿಡ್ಕೊಂಡು ಇಳಿದು, "ದೊಡ್ಡಮ್ಮ, ಹೂವು ಎಲ್ಲಿ?" ಅಂದರು. ಬೆಟ್ಟದ ತುಂಬ ಬೆಳ್ಳಗೆ ಮಲ್ಲಿಗೆ ಥರ ಹೂವು ಬಿಟ್ಟಿರೋ ಫೋಟೊ ಅವರು ನೋಡಿದ್ದರು. ನಾದಿನಿ ಪಾಪ ಬೆಳಗ್ಗೆ ಐದು ಗಂಟೆಯಿಂದ ಆಳುಗಳ ಕೆಲಸ, ಕಣದ ಕೆಲಸ, ನಮ್ಮ ತಿಂಡಿ ಅಂತ ಒದ್ದಾಡ್ತಾ ಇದ್ದಳು. "ಹೂವು ಈಗ ಹಣ್ಣಾಗದೆ ಕಣಪ್ಪ. ಬುಟ್ಟಿ ಕೊಡ್ತೀನಿ, ಬನ್ನಿ ಕೊಯ್ಯೋಣ" ಅಂದಳು. ತಮಾಷೆಗೆ ಅಂದಿದ್ದು. ನಾವೂ ತಮಾಷೆಗೇ ಹೊರಟ್ವಿ.

ಆ ದಿನ ಕಂಡಿದ್ದರಿಂದ ನನಗೆ ಎರಡು ಮಾತು ಹೇಳಬೇಕು ಅನ್ನಿಸಿದೆ. ತೋಟ ನೋಡಬೇಕು ಅನ್ನೋರು ಕೊಯ್ಲಿನ ಕಾಲದಲ್ಲಿ ಹೋಗಿ, ಒಂದು ದಿನ ಹಣ್ಣು ಕೊಯ್ದು ನೋಡಿ. ತೋಟದಲ್ಲಿ ನೆಂಟರಿದ್ದಾರೆ ಅಂತ ಪುಕ್ಕಟೆ ಪುಡಿ ತರೋದನ್ನ ಇನ್ನು ನಿಲ್ಲಿಸಿ. ಇದು ಬೇರೆಯವರಿಗೆ ಬುದ್ಧಿ ಹೇಳೋ ಮಾತು ಅಂದ್ಕೋಬೇಡಿ. ಮೊದಲ ತಪ್ಪು ನನ್ನದೇ.

ಬೆಳಗ್ಗೆ ಬೇಗ ಹೊರಡೋಣ ಅಂದ್ರೆ ಆಗಲಿಲ್ಲ. ಆನೆ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತೆ, ಇಂಥ ಊರಿನ ಹತ್ತಿರ ಇವೆ, ಹುಷಾರು ಅಂತ. ಅದನ್ನ ನೋಡ್ಕೊಂಡೇ ಆಳುಗಳನ್ನ ತೋಟಕ್ಕೆ ಬಿಡೋದು. ಸಕಲೇಶಪುರ, ಆಲೂರು ಕಡೆ ಈಗ ಇದು ದಿನದ ಮಾತು. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್ 4ರಂದು ಇದೇ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯೋ ಕೆಲಸದಲ್ಲೇ ಸತ್ತಿದ್ದು. ಅಂಥಾ ಆನೆಗೇ ಹಂಗಾಯ್ತು ಅಂದ್ರೆ ಬರಿಗೈಲಿ ಹಣ್ಣು ಕೊಯ್ಯಕ್ಕೆ ಹೋಗೋ ಹೆಂಗಸರ ಗತಿ ಏನು ಅಂತ ನಾನು ಅವತ್ತೇ ಯೋಚನೆ ಮಾಡಿದ್ದು.

ನಾದಿನಿ ದಾರಿಯುದ್ದಕ್ಕೂ ಹೇಳ್ತಾ ಬಂದಳು. ಹೂವು ಬರೋದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಸುಮ್ಮನೆ ಬರಲ್ಲ. ಬಿಸಿಲಿಗೆ ಕಾದಿರೋ ಗಿಡಕ್ಕೆ ಒಂದು ಇಂಚು ಒಳ್ಳೆ ಮಳೆ ಬೀಳಬೇಕು. ಅದಕ್ಕೇ ಹೂಮಳೆ ಅನ್ನೋದು. ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ, ಘಮಘಮ ಅನ್ನುತ್ತೆ. ಎರಡು ಮೂರು ದಿನ ಅಷ್ಟೇ. ಆಮೇಲೆ ಹದಿನೈದು ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ರೆ ಕಚ್ಚಿದ ಕಾಯಿ ನಿಲ್ಲಲ್ಲ. ಮೊದಲ ಮಳೆ ಬರೀ ತುಂತುರಾದ್ರೆ ಹೂವು ಅರ್ಧಂಬರ್ಧ ಅರಳಿ ಹಾಳು. ಕೆರೆಯೋ ಹಳ್ಳವೋ ಇರೋರು ಸ್ಪ್ರಿಂಕ್ಲರ್ ಹಾಕ್ತಾರೆ. ಇಲ್ಲದೋರು ಮೋಡ ನೋಡ್ತಾ ಕೂರೋದು. ಅವರ ಮನೆ ಅಂಗಳದಲ್ಲಿ ಮಳೆ ಅಳೆಯೋ ಡಬ್ಬ ಇರೋದನ್ನ ನಾನು ಎಷ್ಟು ಸಲ ನೋಡಿದ್ದೆ! ಇಂಚು, ಸೆಂಟು ಅಂತ ಅಣ್ಣ ಡೈರಿಯಲ್ಲಿ ಬರೆಯೋದನ್ನ ನೋಡಿ, ಕೆಲಸ ಇಲ್ಲದೆ ಬರ್ಕೊಳ್ತಾರೆ ಅಂದ್ಕೊಂಡಿದ್ದೆ. ಅಣ್ಣ ಅಂದ್ರೆ ನಾದಿನಿ ಗಂಡ, ನಾನು ಕರೆಯೋದು ಹಂಗೆ.

ಹೂವಿನಿಂದ ಹಣ್ಣಾಗಕ್ಕೆ ಅರೇಬಿಕಾಕ್ಕೆ ಎಂಟು ಒಂಬತ್ತು ತಿಂಗಳು ಬೇಕು. ರೋಬಸ್ಟಾಕ್ಕೆ ಇನ್ನೂ ಜಾಸ್ತಿ, ಹತ್ತು ಹನ್ನೊಂದು ತಿಂಗಳು. ನಮ್ಮ ಹೆಣ್ಣುಮಕ್ಕಳ ಬಸಿರಿನ ಲೆಕ್ಕವೇ ನೋಡಿ. ಆ ಒಂಬತ್ತು ತಿಂಗಳಲ್ಲಿ ಒಂದು ತಿಂಗಳೂ ಬಿಡುವಿಲ್ಲ. ಮಳೆ ಹಿಡಿಯೋಕೆ ಮುಂಚೆ ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋದು. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯೋದು, ಇಲ್ಲದಿದ್ರೆ ಎಲೆಗೆ ತುಕ್ಕುರೋಗ. ಗೊಬ್ಬರ, ಕಳೆ, ಬೇಡದ ಚಿಗುರು ತೆಗೆಯೋದು. ಜುಲೈ ಆಗಸ್ಟಿನಲ್ಲಿ ಮಳೆ ವಿಪರೀತ ಆದ್ರೆ ಕಾಯಿ ಉದುರುತ್ತೆ, ಕೊಳೆಯುತ್ತೆ. 2018, 2019ರ ಮಳೆ ನೆನಪಿದೆಯಲ್ಲ? ನಾವು ಟಿ.ವಿ.ಯಲ್ಲಿ ಸಕಲೇಶಪುರದ ಕಡೆ ಗುಡ್ಡ ಕುಸಿದಿದ್ದು ನೋಡಿ "ಅಯ್ಯೋ" ಅಂದು ಮತ್ತೊಂದು ಲೋಟ ಕಾಫಿ ಕುಡಿದಿದ್ವಿ.

ನೆರಳಿನ ಮರ ಯಾಕೆ ಬೇಕು ಅಂತ ಅಳಿಯಂದಿರು ಕೇಳಿದರು. ಅಣ್ಣ ಒಂದು ಒಣಗಿದ ಗಿಡ ತೋರಿಸಿದರು. ಕಾಂಡಕ್ಕೆ ಉಂಗುರ ಉಂಗುರ ಹೊಲಿಗೆ ಹಾಕಿದಂಗೆ ಗುರುತು. ಬಿಳಿ ಕಾಂಡಕೊರಕ ಅಂತೆ. ದುಂಬಿ ಬಂದು ತೊಗಟೆ ಸಂದಿನಲ್ಲಿ ಮೊಟ್ಟೆ ಇಡುತ್ತೆ, ಹುಳ ಕಾಂಡದೊಳಗೆ ಸುರಂಗ ಕೊರ್ಕೊಂಡು ಹೋಗುತ್ತೆ. ಬಿಸಿಲು ಬೀಳೋ ಜಾಗದಲ್ಲೇ ಅದರ ಕಾಟ ಜಾಸ್ತಿ. ಆ ಗಿಡ ಕಿತ್ತು ಸುಡೋದೊಂದೇ ದಾರಿ. ಹೊಸ ಗಿಡ ಇಟ್ಟರೆ ಫಸಲಿಗೆ ಮತ್ತೆ ಮೂರು ನಾಲ್ಕು ವರ್ಷ ಕಾಯಬೇಕು. ಅದಕ್ಕೇ ಅತ್ತಿ, ಬಸರಿ, ಹಲಸು, ಹಾಲುವಾಣ ಎಲ್ಲ ಇಟ್ಕೊಂಡಿರೋದು. ಅವರ ಮಗ ಕೆಳಗಿನ ಒಂದು ತುಂಡಿನಲ್ಲಿ ಮರ ತೆಗೆದು ಹೋಂಸ್ಟೇ ಕಟ್ಟೋಣ ಅಂತ ಒಂದು ವರ್ಷದಿಂದ ಹಠ ಹಿಡಿದಿದ್ದಾನಂತೆ. "ಕಾಫಿ ನಂಬ್ಕೊಂಡು ಏನಾಗುತ್ತೆ ಅತ್ತೆ, ನೀವೇ ಹೇಳಿ" ಅಂದ ನನಗೆ. ನಾನು ಏನು ಹೇಳಲಿ? ಪುಕ್ಕಟೆ ಪುಡಿ ತಗೊಂಡು ಹೋಗೋಳು ನಾನು.

ಕೊಯ್ಲು ಶುರುವಾಯ್ತು. ಸೊಂಟಕ್ಕೆ ಬುಟ್ಟಿ ಕಟ್ಕೊಂಡು ಕೊಂಬೆ ಬಗ್ಗಿಸಿ, ಒಂದೊಂದೇ ಹಣ್ಣು ಬಿಡಿಸಬೇಕು. ಒಂದೇ ಗೊಂಚಲಲ್ಲಿ ಕೆಂಪು ಇರುತ್ತೆ, ಹಳದಿ ಇರುತ್ತೆ, ಹಸಿರೂ ಇರುತ್ತೆ. ಕೆಂಪು ಮಾತ್ರ ತೆಗೀಬೇಕು. ಹಸಿರು ಸೇರಿದ್ರೆ ಪಲ್ಪರ್‌ನಲ್ಲಿ ಸಿಪ್ಪೆ ಬಿಡಲ್ಲ, ಕಾಫಿಗೆ ಒಗರು ಬರುತ್ತೆ. ಹಂಗಾಗಿ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಕೊನೆಗೆ ನೆಲಕ್ಕೆ ಬಿದ್ದಿದ್ದನ್ನೂ ಹೆಕ್ಕಬೇಕು, ಬಿಟ್ಟರೆ ಕಾಯಿಕೊರಕ ಅದರಲ್ಲೇ ಉಳ್ಕೊಂಡು ಮುಂದಿನ ಫಸಲಿಗೆ ಬೀಳುತ್ತೆ. ನಾನು ಕೊಂಬೆ ಬಗ್ಗಿಸಿದ್ದೇ ತಡ, ಚಿಗಳಿ ಇರುವೆ ತೋಳಿಗೆಲ್ಲ ಹತ್ತಿಬಿಡ್ತು. ಕುಣಿದಾಡಿಬಿಟ್ಟೆ. ಪಕ್ಕದ ಸಾಲಲ್ಲಿದ್ದ ಹಿರಿ ಹೆಂಗಸು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ನಗ್ತಾ ಬಂದು ನನ್ನ ಬೆನ್ನು ಝಾಡಿಸಿದಳು. "ಕೊಂಬೆ ಎಳೀಬ್ಯಾಡ್ರವ್ವ, ಮುರೀತದೆ. ಅದಕ್ಕೂ ಜೀವ ಐತೆ, ಮುಂದಿನ ವರ್ಷದ ಹೂವು ಅದರ ಮ್ಯಾಲೇ ಬರೋದು" ಅಂದಳು.

ಮಧ್ಯಾಹ್ನದ ಹೊತ್ತಿಗೆ ಅಳಿಯಂದಿರು, ಮಗಳು ಇಬ್ಬರೂ ಫೋಟೊ ತೆಗೆದು ಸಾಕಾಗಿ ಮನೆಗೆ ಹೋದರು. ನಾನು ಹಠಕ್ಕೆ ಬಿದ್ದು ನಾಲ್ಕು ಗಂಟೆವರೆಗೂ ಕೊಯ್ದೆ. ಸೊಂಟ ಹಿಡ್ಕೊಂಡಿತ್ತು, ಉಗುರು ಕಪ್ಪಾಗಿತ್ತು. ಸಾಯಂಕಾಲ ತೂಕಕ್ಕೆ ಹಾಕಿದರು. ನನ್ನದು 11 ಕೆಜಿ. ಆ ಹಿರಿ ಹೆಂಗಸಿನದು 62 ಕೆಜಿ.

ರಾತ್ರಿ ಊಟ ಆದಮೇಲೆ ಅಣ್ಣನ್ನ ಕೂರಿಸ್ಕೊಂಡು ಲೆಕ್ಕ ಕೇಳಿದೆ. ಸುಮಾರು 6 ಕೆಜಿ ಹಣ್ಣಿಗೆ 1 ಕೆಜಿ ಒಣಗಿದ ಕಾಳು ಸಿಗುತ್ತೆ. ಹುರಿದಾಗ ನೂರಕ್ಕೆ 15ರಿಂದ 20 ಭಾಗ ತೂಕ ಇಳಿಯುತ್ತೆ. ಅಂದ್ರೆ 1 ಕೆಜಿ ಪುಡಿಗೆ ಹತ್ತತ್ರ 7 ಕೆಜಿ ಹಣ್ಣು ಬೇಕು. ನಾನು ಇಡೀ ದಿನ ಬೆನ್ನು ಮುರ್ಕೊಂಡು ಕೊಯ್ದಿದ್ದು ಒಂದೂವರೆ ಕೆಜಿ ಪುಡಿಗೆ ಸಾಕು ಅಷ್ಟೇ. ನಮ್ಮನೆಗೆ ತಿಂಗಳಿಗೆ 1 ಕೆಜಿ ಬೇಕು. ವರ್ಷಕ್ಕೆ 12 ಕೆಜಿ ಪುಡಿ, 84 ಕೆಜಿ ಹಣ್ಣು, ನನ್ನ ಕೈಲಿ ಎಂಟು ದಿನದ ಕೊಯ್ಲು. ಇದು ಬರೀ ಕೊಯ್ಲಿನ ಲೆಕ್ಕ.

ಕೊಯ್ದಿದ್ದು ಅವತ್ತೇ ಪಲ್ಪರ್‌ಗೆ ಹೋಗಬೇಕು. ಸಿಪ್ಪೆ ಬಿಡಿಸಿ, ಕಾಳಿನ ಮೇಲಿನ ಲೋಳೆ ಹೋಗಕ್ಕೆ ತೊಟ್ಟಿಯಲ್ಲಿ ಒಂದು ದಿನದ ಮೇಲೆ ಹುದುಗಿಸಿ, ತೊಳೆದು, ಕಣದಲ್ಲಿ ವಾರ ಹತ್ತು ದಿನ ಒಣಗಿಸಬೇಕು. ಅದು ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಒಣಗಿಸಿದ್ರೆ ಚೆರ್ರಿ, ಅದಕ್ಕೆ ಇನ್ನೂ ಜಾಸ್ತಿ ದಿನ. ಬೆಳಗ್ಗೆ ಹರಡು, ಗಂಟೆಗೊಮ್ಮೆ ಗೋರುಮಣೆಯಲ್ಲಿ ತಿರುವು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚು. ಇಬ್ಬನಿ ತಾಗಬಾರದು. ನಾವು ಮಲಗಿದ ರಾತ್ರಿ ಎರಡು ಗಂಟೆಗೆ ನಾಲ್ಕು ಹನಿ ಬಿತ್ತು. ನಾದಿನಿ, ಅಣ್ಣ, ಮಗ ಮೂವರೂ ಬ್ಯಾಟರಿ ಹಿಡ್ಕೊಂಡು ಕಣಕ್ಕೆ ಓಡಿದರು. ನನಗೆ ಎಚ್ಚರ ಆಯ್ತು, ಎದ್ದು ಹೋದೆ. ಟಾರ್ಪಾಲಿನ ಒಂದು ತುದಿ ಹಿಡ್ಕೊಂಡು ಕಲ್ಲು ಹೇರಿದೆ. ಡಿಸೆಂಬರಿನಲ್ಲಿ ಮಳೆ! ಹಿಂದೆಲ್ಲ ಇರ್ತಿರಲಿಲ್ಲ, ಈಗ ಕೊಯ್ಲಿನ ಹೊತ್ತಿಗೆ ಸರಿಯಾಗಿ ಬರುತ್ತೆ ಅಂದಳು.

ಅಲ್ಲೇ ಕಣದ ಕಟ್ಟೆ ಮೇಲೆ ಕೂತಾಗ ಅವಳು ಇನ್ನೊಂದು ಮಾತು ಹೇಳಿದಳು. ಹಿಂದೆ ಕಾಫಿ ಬೋರ್ಡಿನ ಕಾಲದಲ್ಲಿ, ಮನೆ ಖರ್ಚಿಗೆ ಬಿಟ್ಟು ಬೆಳೆದಿದ್ದೆಲ್ಲ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು. 1990ರ ದಶಕದಲ್ಲಿ ಅದು ಹೋಗಿ ಮಾರೋ ಸ್ವಾತಂತ್ರ್ಯ ಬಂತು, ಎಲ್ಲರಿಗೂ ಖುಷಿ. ಆಮೇಲೆ 2000 ದಾಟಿದ ಮೇಲೆ ದರ ಬಿದ್ದೇ ಹೋಯ್ತು. 2002ರಲ್ಲಿ ಆಳುಗಳ ಸಂಬಳಕ್ಕೂ ಇಲ್ಲದೆ ಅವಳ ನಾಲ್ಕು ಬಳೆ ಅಡ ಇಟ್ಟಿದ್ದಳಂತೆ. ನಮ್ಮ ಮಾವ ಮದುವೇಲಿ ಹಾಕಿದ್ದ ಬಳೆ. "ಯಾಕೆ ಹೇಳಲಿಲ್ಲ?" ಅಂದೆ. "ಹೆಂಗೆ ಹೇಳೋದು ಅತ್ತಿಗೆ? ನೀವೆಲ್ಲ ನಮ್ಮನ್ನ ದೊಡ್ಡ ತೋಟದೋರು ಅಂದ್ಕೊಂಡಿದ್ರಿ" ಅಂದಳು.

ಆ ವರ್ಷವೂ ಪುಡಿ ಬಂದಿತ್ತು. ನನಗೆ ಚೆನ್ನಾಗಿ ನೆನಪಿದೆ, ಒಂದು ತಿಂಗಳೂ ತಪ್ಪಿರಲಿಲ್ಲ.

ಕಳೆದ ಎರಡು ವರ್ಷದಲ್ಲಿ ದರ ಏರಿದ್ದೂ ನಿಜ. ಬ್ರೆಜಿಲ್, ವಿಯೆಟ್ನಾಂ ಕಡೆ ಬರ ಬಂದು ಬೆಳೆ ಕಮ್ಮಿಯಾಗಿ, 2025ರ ಶುರುವಿನಲ್ಲಿ ಹಿಂದೆಂದೂ ಇಲ್ಲದ ರೇಟು ಬಂತು. ಆಗ ನಾವು ನೆಂಟರೆಲ್ಲ "ನಿಮಗೆ ಲಾಟರಿ ಹೊಡೀತು ಬಿಡಿ" ಅಂದ್ವಿ. ಹೆಚ್ಚಿದ ವರ್ಷ ನಮ್ಮ ಕಣ್ಣಿಗೆ ಬೀಳುತ್ತೆ, ಬಿದ್ದ ವರ್ಷ ಬೀಳಲ್ಲ. ರೇಟು ಬಂದಾಗ ಹಳೇ ಸಾಲ ತೀರಿಸಬೇಕು, ಸತ್ತ ಗಿಡದ ಜಾಗಕ್ಕೆ ಹೊಸದು ಇಡಬೇಕು. ಗೊಬ್ಬರ, ಡೀಸೆಲ್, ಕೂಲಿ ಎಲ್ಲ ಏರಿರುತ್ತೆ. ಅದೂ ಅಲ್ಲದೆ ಅಂಗಡಿ ಪುಡಿಗೂ ಇವರ ಪುಡಿಗೂ ಹೋಲಿಸೋ ಹಂಗೇ ಇಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51 ಭಾಗ ಇದ್ರೆ ಸಾಕು ಅಂತ ಕಾನೂನು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಕನ್ನಡಕ ಹಾಕ್ಕೊಂಡು ಓದಿ. ನಾದಿನಿ ಕಳಿಸೋದರಲ್ಲಿ ಒಂದು ಚಮಚ ಚಿಕೋರಿ ಇರಲ್ಲ.

ಇನ್ನೊಂದು ವಿಷಯ ಬೆಳಗ್ಗೆ ಅವಳ ಅಡುಗೆಮನೆಯಲ್ಲಿ ಗೊತ್ತಾಯ್ತು. ಎರಡು ಡಬ್ಬ. ಒಂದು ನೆಂಟರಿಗೆ, ಒಂದು ಮನೆಗೆ. ಮನೆ ಡಬ್ಬದ್ದು ಒಡಕು ಕಾಳು, ಕಪ್ಪಾದ ಕಾಳು, ನೆಲದಲ್ಲಿ ಹೆಕ್ಕಿದ್ದು ಇವುಗಳ ಪುಡಿ. ಒಳ್ಳೇದು ಮಾರಾಟಕ್ಕೆ ಮತ್ತೆ ನಮಗೆ. ಅವಳು ಬೆಳೆದ ಒಳ್ಳೆ ಕಾಫಿಯನ್ನ ಅವಳು ಕುಡಿಯೋದು ನೆಂಟರು ಬಂದಾಗ ಮಾತ್ರ. ಸರಿ, ಆ ಹಿರಿ ಹೆಂಗಸು? ಲೈನ್ ಮನೇಲಿ ಅವಳು ಕುಡಿಯೋದು ಅಂಗಡಿಯ ಸಣ್ಣ ಪೊಟ್ಟಣದ ಪುಡಿ, ಬೆಲ್ಲ ಹಾಕಿ, ಹಾಲಿಲ್ಲದೆ. ದಿನಕ್ಕೆ 62 ಕೆಜಿ ಕೊಯ್ಯೋಳು.

ನನಗೆ ತಡೆಯಕ್ಕಾಗದೆ ನಾದಿನಿಗೆ ಹೇಳೇಬಿಟ್ಟೆ. "ಪುಡಿ ಕೊಡೋದಾದ್ರೆ ಮೊದಲು ಅವಳಿಗೆ ಕೊಡು. ನಾನು ದುಡ್ಡು ಕೊಟ್ಟು ತಗೊಳ್ತೀನಿ." ಅವಳ ಮುಖ ಸಣ್ಣಗಾಯ್ತು. "ತವರಿನವರ ಹತ್ರ ದುಡ್ಡು ಇಸ್ಕೊಳ್ಳೋದಾ ಅತ್ತಿಗೆ? ಅಷ್ಟು ಬಡವರಾದ್ವಾ?" ಅಂದಳು. ಕಣ್ಣಲ್ಲಿ ನೀರು. ನಾನೂ ಸುಮ್ಮನಾದೆ.

ಇದೇ ಕಷ್ಟ ನೋಡಿ. ನೀವೂ ಹೇಳ್ತೀರ, ನೆಂಟಸ್ತಿಕೆಯಲ್ಲಿ ಲೆಕ್ಕ ತರಬಾರದು, ಪ್ರೀತಿಗೆ ಕೊಟ್ಟಿದ್ದಕ್ಕೆ ಬೆಲೆ ಕಟ್ಟಬಾರದು ಅಂತ. ನನ್ನ ಯಜಮಾನರೂ ಅದನ್ನೇ ಅಂದರು. ನಾನು ಒಪ್ಪಲ್ಲ. ಕೊಟ್ಟು ತಗೊಳ್ಳೋದು ಎರಡೂ ಕಡೆಯಿಂದ ಇದ್ರೆ ಲೆಕ್ಕ ಬೇಡ, ನಿಜ. ನಾವು ಏನು ಕೊಟ್ಟಿದ್ದೀವಿ? ಹೆಣ್ಣು ಕೊಟ್ಟ ಮನೆಗೆ ತವರಿನಿಂದ ಹೋಗಬೇಕಾದ್ದು ಪದ್ಧತಿ. ಗೌರಿ ಹಬ್ಬಕ್ಕೆ ಬಾಗಿನ ಅಂತ 500 ರೂಪಾಯಿ, ಒಂದು ಸೀರೆ ಕಳಿಸಿ ಕೈ ತೊಳ್ಕೊಂಡಿದ್ದೀವಿ. ಮನೆಮಗಳಿಂದ ವರ್ಷಕ್ಕೆ 12 ಕೆಜಿ ಕಾಫಿಪುಡಿ ತಗೊಂಡು ಅವಳನ್ನೇ "ನಿಮಗೇನಮ್ಮ" ಅಂದಿದ್ದೀವಿ. ಲೆಕ್ಕ ಬೇಡ ಅನ್ನೋದು ಯಾವಾಗಲೂ ತಗೊಳ್ಳೋರಿಗೆ ಅನುಕೂಲ.

ತೋಟದವರಿಗೂ ಒಂದು ಮಾತು. ದೊಡ್ಡಸ್ತಿಕೆಗೆ ಅಂತ ನೆಂಟರಿಗೆಲ್ಲ ಹಂಚಬೇಡಿ. ನಿಮ್ಮ ಒಳ್ಳೆ ಡಬ್ಬದಿಂದ ನೀವೂ ಕುಡೀರಿ. ಕೊಯ್ಲು ಮುಗಿದಾಗ ಕೂಲಿ ಜೊತೆಗೆ ಕೊಯ್ದೋರಿಗೆ ಒಂದೊಂದು ಕೆಜಿ ಪುಡಿ ಕೊಡಿ. ಈಗ ದೂರದ ಅಸ್ಸಾಮಿನಿಂದೆಲ್ಲ ಕೆಲಸಕ್ಕೆ ಬಂದಿದ್ದಾರೆ. ತಾವು ಕೊಯ್ದಿದ್ದು ಕೊನೆಗೆ ಏನಾಗುತ್ತೆ ಅಂತ ಅವರ ನಾಲಿಗೆಗೂ ಗೊತ್ತಾಗಲಿ. ಹೋಂಸ್ಟೇ ಮಾಡೋ ಹುಡುಗರು ಮರ ಕಡಿದು ಕೋಣೆ ಕಟ್ಟೋ ಬದಲು, ಇರೋ ಮನೆಯಲ್ಲೇ ಎರಡು ಕೋಣೆ ಕೊಟ್ಟು, ಬಂದೋರ ಸೊಂಟಕ್ಕೆ ಬುಟ್ಟಿ ಕಟ್ಟಿಸಿ. ಸಂಜೆ ತೂಕ ಹಾಕಿ ತೋರಿಸಿ. ಹಂಗೆ ಒಂದು ದಿನ ಕೊಯ್ದೋರು ಪುಡಿಗೆ ಚೌಕಾಸಿ ಮಾಡಲ್ಲ. ಈ ಮಾತನ್ನ ಅವಳ ಮಗನಿಗೂ ಹೇಳಿದ್ದೀನಿ. "ನೋಡ್ತೀನಿ ಅತ್ತೆ" ಅಂದಿದ್ದಾನೆ, ಮಾಡ್ತೀನಿ ಅಂದಿಲ್ಲ.

ಹಾಸನಕ್ಕೆ ಬಂದು ಫೋನಿನಲ್ಲಿ ದುಡ್ಡು ಕಳಿಸಿದೆ. ಅರ್ಧ ಗಂಟೆಯಲ್ಲಿ ವಾಪಸ್ ಬಂತು. ಮತ್ತೆ ಕಳಿಸಿದೆ, ಮತ್ತೆ ವಾಪಸ್. ಎರಡು ದಿನ ಮಾತಾಡಲಿಲ್ಲ ಅವಳು. ಮೂರನೇ ದಿನ ನಾನೇ ಫೋನ್ ಮಾಡಿ, "ಇದು ಪುಡಿ ದುಡ್ಡಲ್ಲ ಕಣೇ. 2002ರಲ್ಲಿ ನಿನ್ನ ತವರು ಕೊಡಬೇಕಿದ್ದಿದ್ದು, ತಡವಾಗಿ ಬರ್ತಾ ಇದೆ. ಬಳೆಗೆ ಸೇರಿಸ್ಕೋ" ಅಂದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಪುಡಿ ಮುಗೀತಾ ಅತ್ತಿಗೆ?" ಅಂದಳು.

ಈಗ ತಿಂಗಳಾ ತಿಂಗಳಾ ಕಳಿಸ್ತೀನಿ, ವಾಪಸ್ ಬರ್ತಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಹಾಲು, ಸಕ್ಕರೆ ಕೆಳಗೆ ಕಾಫಿಪುಡಿ ಅಂತ ಒಂದು ಸಾಲು ಸೇರಿದೆ. ಮೊನ್ನೆ ಬಂದ ಪೊಟ್ಟಣದ ಜೊತೆ ಒಂದು ಮಾತೂ ಬಂತು, ಆ ಹಿರಿ ಹೆಂಗಸಿಗೆ ಒಂದು ಕೆಜಿ ಕೊಟ್ಟಳಂತೆ. "ಕಹಿ ಜಾಸ್ತಿ ಕಣವ್ವ, ಬೆಲ್ಲ ಎರಡು ಹಿಡೀತದೆ" ಅಂದಳಂತೆ ಅವಳು. ಮುಂದಿನ ಕೊಯ್ಲಿಗೆ ಹೋದಾಗ ಅವಳ ಮನೇಲಿ ಒಂದು ಲೋಟ ಕುಡೀಬೇಕು ಅಂತಿದ್ದೀನಿ.